ಸಿಸ್ಟ್ ಅಂದ್ರೆ ಗಡ್ಡೆ ಅಲ್ಲ

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯಿಂದ ಬಂದು ಬೆಂಗಳೂರಲ್ಲೋ ಮೈಸೂರಲ್ಲೋ ಕೆಲಸಕ್ಕಿರೋ ನಮ್ಮಂಥವರಿಗೆ ಸಂಬಳವಿಲ್ಲದ ಇನ್ನೊಂದು ಕೆಲಸ ಇದೆ. ಊರಿನವರ ರಿಪೋರ್ಟ್ ಓದೋದು. ಮಾವನ ಶುಗರ್, ಅತ್ತೆಯ ಥೈರಾಯ್ಡ್, ಪಕ್ಕದ ಮನೆ ಅಜ್ಜಿಯ ಎಕೋ, ಎಲ್ಲಾ ಫೋಟೋ ಆಗಿ ವಾಟ್ಸಾಪ್‌ಗೆ ಬರುತ್ತೆ. ಅರ್ಧ ಮಸುಕಾಗಿರುತ್ತೆ, ಒಂದು ಮೂಲೆ ಕಟ್ ಆಗಿರುತ್ತೆ. ಕೆಳಗೆ ಒಂದೇ ಸಾಲು: ‘ಏನ್ ಬರ್ದವ್ರೆ ನೋಡು.’

ನಾವು ಡಾಕ್ಟರಲ್ಲ. ಆದ್ರೆ ಮನೇಲಿ ಇಂಗ್ಲಿಷ್ ಓದಿದವರು ನಾವೇ. ಹಾಗಾಗಿ ಆ ಕಾಗದಕ್ಕೆ ಮೊದಲ ಕನ್ನಡ ಅರ್ಥ ಹೇಳೋದು ನಮ್ಮ ಪಾಲಿಗೆ ಬರುತ್ತೆ. ಶುಗರ್ ರಿಪೋರ್ಟಾದ್ರೆ ಪರವಾಗಿಲ್ಲ, ನಂಬರ್ ನೋಡಿ ಹೇಳಬಹುದು. ಹದಿನಾರು ಹದಿನೇಳು ವರ್ಷದ ಹುಡುಗ ಹುಡುಗಿಯರಿಗೆ ತಲೆನೋವು ಅಂತ ಸ್ಕ್ಯಾನ್ ಮಾಡಿಸಿ, ಅದರಲ್ಲಿ ‘ಸಿಸ್ಟ್’ ಅನ್ನೋ ಪದ ಬಂದಿದ್ರೆ? ಆ ಒಂದು ಪದಕ್ಕೆ ನಾವು ಏನು ಅರ್ಥ ಹೇಳ್ತೀವಿ ಅನ್ನೋದರ ಮೇಲೆ ಆ ಮನೆಯ ಮುಂದಿನ ಒಂದು ತಿಂಗಳು ನಿಂತಿರುತ್ತೆ. ಈ ವಾರ ಅದರ ಬಗ್ಗೆಯೇ ಬರೀತಿದ್ದೀನಿ.

ಚಿಕ್ಕವ್ವನ ಫೋನು

ಹನೂರಿನ ಹತ್ತಿರದ ಹಳ್ಳಿಯಲ್ಲಿರೋ ನಮ್ಮ ಚಿಕ್ಕವ್ವನ ಮಗಳು ಫಸ್ಟ್ ಪಿಯುಸಿ. ದಿನಾ ಬೆಳಿಗ್ಗೆ ಬಸ್ ಹಿಡಿದು ಕೊಳ್ಳೇಗಾಲಕ್ಕೆ ಕಾಲೇಜಿಗೆ ಹೋಗ್ತಾಳೆ. ಮೂರ್ನಾಲ್ಕು ತಿಂಗಳಿಂದ ತಲೆನೋವು. ಕಣ್ಣು ಪರೀಕ್ಷೆ ಆಯ್ತು, ಕನ್ನಡಕ ಬಂತು, ನೋವು ಹೋಗಲಿಲ್ಲ. ಯಾರೋ ‘ಒಂದು ಸ್ಕ್ಯಾನ್ ಮಾಡಿಸಿಬಿಡಿ, ನೆಮ್ಮದಿ’ ಅಂದರು. ಟಿ. ನರಸೀಪುರದ ಮೇಲೆ ಮೈಸೂರಿಗೆ ಹೋಗಿ ಒಂದು ಕಡೆ ಎಂಆರ್‌ಐ ಮಾಡಿಸಿಕೊಂಡು ಬಂದರು. ಅಲ್ಲಿ ಕವರ್ ಕೈಗೆ ಕೊಟ್ಟು ಕಳಿಸಿದ್ರು, ಯಾರೂ ಏನೂ ವಿವರಿಸಲಿಲ್ಲ.

ಆ ರಾತ್ರಿ ಚಿಕ್ಕವ್ವ ಫೋನ್ ಮಾಡಿದಾಗ ಅಳ್ತಾ ಇದ್ದರು. ‘ಮಗೀಗೆ ತಲೆ ಒಳಗೆ ಗಡ್ಡೆ ಅದೆಯಂತೆ ಕಣವ್ವ. ಇನ್ನೇನ್ ಮಾಡದು?’

ರಿಪೋರ್ಟ್ ನೋಡಿದೆ. ಎಡಗಡೆ ಕಿವಿಯ ಮೇಲ್ಭಾಗಕ್ಕೆ ಬರೋ ಜಾಗದಲ್ಲಿ ‘ಅರಕ್ನಾಯ್ಡ್ ಸಿಸ್ಟ್’, ಎರಡು ಸೆಂಟಿಮೀಟರ್ ಚಿಲ್ಲರೆ. ಮೆದುಳು ನಾರ್ಮಲ್. ಕೊನೇಲಿ ‘ಕ್ಲಿನಿಕಲ್ ಕೋರಿಲೇಷನ್ ಸಜೆಸ್ಟೆಡ್’ ಅಂತ. ಗಡ್ಡೆ ಅನ್ನೋ ಪದ ಎಲ್ಲೂ ಇರಲಿಲ್ಲ. ರಿಪೋರ್ಟ್ ಮೊದಲು ನೋಡಿದ ಯಾರೋ ನೆಂಟರು ಹೇಳಿದ್ದಂತೆ.

ಅಷ್ಟು ಹೊತ್ತಿಗೆ ಆ ಪದ ತನ್ನ ಕೆಲಸ ಮಾಡಿಯಾಗಿತ್ತು. ಅಜ್ಜಿ ಮಾದಪ್ಪನಿಗೆ ಹರಕೆ ಹೊತ್ತಿದ್ದರು. ಅದು ಸರಿ, ಅಜ್ಜಿಗೆ ಅದರಿಂದ ಧೈರ್ಯ ಬಂದಿತ್ತು. ಚಿಕ್ಕಪ್ಪ ಮಾತ್ರ ‘ದಿನಾ ಬಸ್ಸಲ್ಲಿ ಓಡಾಡೋದು ಬೇಡ, ಈ ವರ್ಷ ಕಾಲೇಜು ಬಿಡಿಸೋಣ’ ಅಂತ ತೀರ್ಮಾನ ಮಾಡಿದ್ದರು. ಆಪರೇಷನ್‌ಗೆ ಎಷ್ಟಾಗುತ್ತೋ ಅಂತ ಒಡವೆ ಲೆಕ್ಕ ನಡೀತಿತ್ತು. ಪಕ್ಕದ ಬೀದಿಯವರೊಬ್ಬರು ‘ಈ ವಿಷ್ಯ ಯಾರಿಗೂ ಹೇಳ್ಬೇಡಿ, ನಾಳೆ ಗಂಡು ಸಿಗೋದು ಕಷ್ಟ ಆಗ್ತದೆ’ ಅಂದಿದ್ದರಂತೆ. ಇನ್ನೂ ನರರೋಗ ತಜ್ಞರನ್ನ ಯಾರೂ ನೋಡಿರಲಿಲ್ಲ.

ನಾನು ಹುಡುಗಿಗೆ ಫೋನ್ ಕೊಡಿ ಅಂದೆ. ಅವಳು ಹೇಳಿದ್ದು ಇಷ್ಟೇ: ‘ಎಲ್ರೂ ಫಿಲಂ ನೋಡ್ತವ್ರೆ ಕಣಕ್ಕ. ನೋವು ಹೆಂಗೆ ಬತ್ತದೆ ಅಂತ ನನ್ನ ಯಾರೂ ಕೇಳ್ತಿಲ್ಲ.’

ಅದು ನೀರಿನ ಚೀಲ

ಅರಕ್ನಾಯ್ಡ್ ಸಿಸ್ಟ್ ಏನು ಅಂತ ಸರಳವಾಗಿ ಹೇಳ್ತೀನಿ. ಮೆದುಳಿನ ಸುತ್ತ ಮೂರು ಪೊರೆಗಳಿವೆ. ನಡುವಿನದ್ದು ಜೇಡರಬಲೆ ಥರ ತೆಳ್ಳಗಿದೆ, ಅದಕ್ಕೇ ಅರಕ್ನಾಯ್ಡ್ ಅಂತ ಹೆಸರು. ಮೆದುಳನ್ನ ತೇಲಿಸಿಕೊಂಡಿರೋ ತಿಳಿನೀರಿನಂಥ ದ್ರವ ಈ ಪೊರೆಯ ಕೆಳಗೇ ಹರಿಯುತ್ತೆ. ಕೆಲವರಲ್ಲಿ ಹುಟ್ಟೋ ಮೊದಲೇ ಆ ಪೊರೆ ಒಂದು ಕಡೆ ಎರಡು ಪದರವಾಗಿ ಬಿಡಿಸಿಕೊಂಡು, ನಡುವೆ ಅದೇ ದ್ರವ ತುಂಬಿಕೊಂಡು ಚಿಕ್ಕ ಚೀಲ ಆಗಿರುತ್ತೆ. ಅದೇ ಈ ಸಿಸ್ಟ್. ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗೋದೂ ಅಲ್ಲ. ಬಹಳಷ್ಟು ಜನ ಅದು ಇದೆ ಅಂತ ಗೊತ್ತೇ ಇಲ್ಲದೆ ಬದುಕಿ, ವಯಸ್ಸಾಗಿ ಹೋಗ್ತಾರೆ.

ಎಷ್ಟು ಜನಕ್ಕಿರುತ್ತೆ? ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು ತಮ್ಮಲ್ಲಿ ಎಂಆರ್‌ಐ ಆಗಿದ್ದ 11,738 ಮಕ್ಕಳ ಸ್ಕ್ಯಾನ್‌ಗಳನ್ನ ತೆಗೆದು ನೋಡಿ 2010ರಲ್ಲಿ ವರದಿ ಮಾಡಿದರು. 309 ಮಕ್ಕಳಲ್ಲಿ ಅರಕ್ನಾಯ್ಡ್ ಸಿಸ್ಟ್ ಇತ್ತು. ಅಂದ್ರೆ 100ಕ್ಕೆ 2.6. ಮೆದುಳಿನ ನಡುವಲ್ಲಿರೋ ಪೀನಿಯಲ್ ಗ್ರಂಥಿಯಲ್ಲೂ ಇಂಥ ನೀರುಗುಳ್ಳೆ ಸಿಗುತ್ತೆ. ಅದೂ ಅದೇ ತಂಡದ ಲೆಕ್ಕದಲ್ಲಿ, 25 ವರ್ಷದೊಳಗಿನವರಲ್ಲಿ 100ಕ್ಕೆ ಸುಮಾರು 2. ಇವರೆಲ್ಲ ಏನೋ ಒಂದು ಕಾರಣಕ್ಕೆ ಸ್ಕ್ಯಾನ್‌ಗೆ ಬಂದ ಮಕ್ಕಳು, ಹಾಗಾಗಿ ಅದೇ ಲೆಕ್ಕ ನಮ್ಮ ಕಾಲೇಜಿಗೆ ನೇರವಾಗಿ ಹಾಕೋಕಾಗಲ್ಲ. ಆದ್ರೂ ಒಂದು ಅಂದಾಜು ಸಿಗುತ್ತೆ. 400 ಮಕ್ಕಳಿರೋ ಒಂದು ಪಿಯು ಕಾಲೇಜಲ್ಲಿ ಎಲ್ಲರಿಗೂ ಎಂಆರ್‌ಐ ಮಾಡಿಸಿದ್ರೆ, ಚೆನ್ನಾಗಿ ಓಡಾಡಿಕೊಂಡಿರೋ ಕೆಲವರ ತಲೆಯಲ್ಲೂ ಇಂಥದ್ದು ಸಿಕ್ಕೇ ಸಿಗುತ್ತೆ.

ಈಗ ತಲೆನೋವಿನ ಲೆಕ್ಕ ನೋಡಿ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ 18ರಿಂದ 65 ವರ್ಷದ 2,329 ಜನರನ್ನ ವಿಚಾರಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ವರ್ಷದೊಳಗೆ ತಲೆನೋವು ಬಂದವರು 100ಕ್ಕೆ 63.9. ಮೈಗ್ರೇನ್ ಒಂದೇ 100ಕ್ಕೆ 25.2. ದೊಡ್ಡವರ ಲೆಕ್ಕ ಇದು. ಆದ್ರೆ ಮೈಗ್ರೇನ್ ಬಹಳ ಜನಕ್ಕೆ ಶುರುವಾಗೋದೇ ಹದಿಹರೆಯದಲ್ಲಿ, ಅದರಲ್ಲೂ ಹೆಣ್ಣುಮಕ್ಕಳಿಗೆ ಮೈನೆರೆದ ಮೇಲೆ.

ಒಂದು ಕಡೆ ನೂರಕ್ಕೆ ಎರಡು ಮೂರು ತಲೆಯಲ್ಲಿ ತನ್ನಷ್ಟಕ್ಕೆ ತಾನಿರೋ ಚೀಲ. ಇನ್ನೊಂದು ಕಡೆ ನಾಲ್ಕು ಜನರಲ್ಲಿ ಒಬ್ಬರಿಗೆ ಮೈಗ್ರೇನ್. ಎರಡೂ ಒಂದೇ ತಲೆಯಲ್ಲಿ ಸೇರೋದು ಆಶ್ಚರ್ಯ ಏನಲ್ಲ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅಂತಾರಲ್ಲ, ಹಾಗೆ. ತಲೆನೋವಿಗೆ ಅಂತ ಸ್ಕ್ಯಾನ್ ಮಾಡಿಸಿದ್ವಿ, ಸಿಸ್ಟ್ ಸಿಕ್ತು, ಆದ್ದರಿಂದ ನೋವು ಸಿಸ್ಟ್‌ನಿಂದಲೇ ಅಂತ ನಾವು ಗಂಟು ಹಾಕಿಬಿಡ್ತೀವಿ. ಆ ಗಂಟು ನಿಜವಾ ಅಂತ ನೋಡಿ ಹೇಳಿ ಅಂತ ರೇಡಿಯಾಲಜಿಸ್ಟ್ ಕೇಳಿಕೊಳ್ಳೋದೇ ‘ಕ್ಲಿನಿಕಲ್ ಕೋರಿಲೇಷನ್’ ಅನ್ನೋ ಸಾಲಿನ ಅರ್ಥ. ಅವರು ಫಿಲಂ ಮಾತ್ರ ನೋಡಿರ್ತಾರೆ. ಹುಡುಗಿಯನ್ನ ನೋಡೋ ಕೆಲಸ ಬಾಕಿ ಇದೆ ಅಂತ ಅವರೇ ಬರೆದಿರ್ತಾರೆ.

ಡಾಕ್ಟರ್ ಫಿಲಂ ಕೊನೆಗೆ ನೋಡಿದ್ರು

ಆ ವಾರವೇ ಮೈಸೂರಲ್ಲಿ ಒಬ್ಬ ನರರೋಗ ತಜ್ಞರ ಹತ್ತಿರ ಹೋದ್ವಿ. ರಜೆ ಹಾಕಿ ನಾನೂ ಹೋಗಿದ್ದೆ. ಅವರು ಕವರ್ ತೆಗೆದು ಮೇಜಿನ ಮೇಲಿಟ್ಟು ಮೊದಲು ಹುಡುಗಿಯನ್ನ ಮಾತಾಡಿಸಿದ್ರು. ನೋವು ಯಾವ ಹೊತ್ತಿಗೆ ಬರುತ್ತೆ? ಒಂದು ಕಡೆಯಾ, ಎರಡೂ ಕಡೆಯಾ? ಮಿಡಿಯುತ್ತಾ, ಬಿಗಿಯುತ್ತಾ? ಬೆಳಕು, ಸದ್ದು ಆಗಲ್ವಾ? ವಾಂತಿ ಬರುತ್ತಾ? ಎಷ್ಟು ಹೊತ್ತಿರುತ್ತೆ? ಮುಟ್ಟಿನ ಹೊತ್ತಲ್ಲಿ ಜಾಸ್ತಿಯಾ? ಬೆಳಿಗ್ಗೆ ಏನು ತಿಂದು ಹೋಗ್ತೀಯ?

ಏನೂ ತಿನ್ನಲ್ಲ ಅನ್ನೋದು ಅಲ್ಲಿ ಹೊರಗೆ ಬಂತು. ಬಸ್ ತಪ್ಪಿಹೋಗುತ್ತೆ ಅಂತ ಒಂದು ಲೋಟ ಕಾಫಿ ಕುಡಿದು ಓಡ್ತಾಳೆ. ಕಾಲೇಜಿನ ಶೌಚಾಲಯಕ್ಕೆ ಹೋಗೋಕೆ ಇಷ್ಟವಿಲ್ಲ ಅಂತ ಮಧ್ಯಾಹ್ನದ ತನಕ ನೀರೂ ಕುಡಿಯಲ್ಲ. ರಾತ್ರಿ ಹನ್ನೆರಡರ ತನಕ ಓದು, ನಡುವೆ ಮೊಬೈಲು. ನೋವು ಬರೋದು ಹೆಚ್ಚಾಗಿ ಹನ್ನೊಂದು ಗಂಟೆ ಮೇಲೆ, ಬಲಗಡೆಗೆ. ಸಿಸ್ಟ್ ಇದ್ದದ್ದು ಎಡಗಡೆ.

ಆಮೇಲೆ ಡಾಕ್ಟರ್ ಚಿಕ್ಕವ್ವನ ಕಡೆ ತಿರುಗಿ, ‘ನಿಮಗೆ ತಲೆನೋವು ಬರುತ್ತಾ ಅಮ್ಮ?’ ಅಂದರು. ಚಿಕ್ಕವ್ವ, ‘ಅದು ಇದ್ದಿದ್ದೇ ಬಿಡಿ ಸಾರ್, ತಲೆಗೆ ಬಟ್ಟೆ ಬಿಗಿದು ಕತ್ತಲ ಕೋಣೇಲಿ ಮಲಗಿದ್ರೆ ಹೋಯ್ತದೆ’ ಅಂದರು. ಇಪ್ಪತ್ತು ವರ್ಷದಿಂದ ಮೈಗ್ರೇನ್ ಅನುಭವಿಸ್ತಿದ್ದವರು, ಅದಕ್ಕೊಂದು ಹೆಸರಿದೆ ಅಂತ ಅವತ್ತು ತಿಳಿದುಕೊಂಡರು. ಮೈಗ್ರೇನ್ ಮನೆತನದಲ್ಲಿ ಹರಿದು ಬರೋದು ಸಾಮಾನ್ಯ.

ಡಾಕ್ಟರ್ ಕಣ್ಣಿನ ಹಿಂಭಾಗಕ್ಕೆ ಬೆಳಕು ಬಿಟ್ಟು ನೋಡಿದ್ರು. ತಲೆಯೊಳಗೆ ಒತ್ತಡ ಹೆಚ್ಚಾಗಿದ್ರೆ ಕಣ್ಣಿನ ನರದ ಬುಡ ಊದಿಕೊಂಡಿರಬಹುದು, ಅದನ್ನ ಅಲ್ಲಿ ನೋಡ್ತಾರೆ. ನಡೆಸಿದ್ರು, ಕೈಕಾಲಿನ ಬಲ ನೋಡಿದ್ರು. ಎಲ್ಲ ಸರಿ ಇತ್ತು. ಕೊನೆಗೆ ಫಿಲಂ ಎತ್ತಿ ಹಿಡಿದು, ‘ಇದು ಹುಟ್ಟಿನಿಂದ ಇರೋದು. ಇದಕ್ಕೂ ನೋವಿಗೂ ಸಂಬಂಧ ಕಾಣಲ್ಲ. ಒಂದ್ಸಲ ಆರು ತಿಂಗಳು ಬಿಟ್ಟು ನೋಡೋಣ, ಕಾಲೇಜು ಬಿಡಿಸೋ ಮಾತೇ ಬೇಡ’ ಅಂದರು. ಬೆಳಿಗ್ಗೆ ತಿಂಡಿ, ನೀರು, ಹೊತ್ತಿಗೆ ಸರಿಯಾಗಿ ನಿದ್ದೆ, ನೋವು ಶುರುವಾದ ಕೂಡಲೇ ತೆಗೆದುಕೊಳ್ಳೋಕೆ ಒಂದು ಮಾತ್ರೆ, ಅದೂ ವಾರಕ್ಕೆ ಎರಡು ದಿನ ಮೀರದ ಹಾಗೆ.

ಈ ಕೊನೆಯ ಮಾತು ಮುಖ್ಯ. ಮೆಡಿಕಲ್ ಸ್ಟೋರಿಂದ ನೋವಿನ ಮಾತ್ರೆ ತಂದು ತಿಂಗಳಿಗೆ ಹತ್ತು ಹದಿನೈದು ದಿನ ನುಂಗ್ತಾ ಹೋದ್ರೆ, ಆ ಮಾತ್ರೆಯೇ ಹೊಸ ತಲೆನೋವು ತರುತ್ತೆ. ಹುಡುಗಿಗೆ ಈಗ ನೋವು ತಿಂಗಳಿಗೆ ಎರಡು ಸಲ ಬರುತ್ತೆ. ಪೂರ್ತಿ ಹೋಗಿಲ್ಲ. ಸೆಕೆಂಡ್ ಪಿಯುಸಿಗೆ ಹೋಗ್ತಿದ್ದಾಳೆ, ಬ್ಯಾಗಲ್ಲಿ ಒಂದು ಡಬ್ಬಿ ಚಪಾತಿ ಇರುತ್ತೆ.

ಇನ್ನೊಂದು ಥರದ ಸಿಸ್ಟ್

ಇಲ್ಲಿಗೆ ನಿಲ್ಲಿಸಿದ್ರೆ ಅರ್ಧ ಹೇಳಿದ ಹಾಗಾಗುತ್ತೆ. ಸಿಸ್ಟ್ ಅಂದಕೂಡಲೇ ‘ಏನಿಲ್ಲ ಬಿಡಿ’ ಅಂತ ಹೇಳೋದೂ ತಪ್ಪು. ನಮ್ಮ ಕಡೆ ಸ್ಕ್ಯಾನಲ್ಲಿ ಸಿಗೋ ಇನ್ನೊಂದು ಇದೆ, ರಿಪೋರ್ಟಲ್ಲಿ ‘ನ್ಯೂರೋಸಿಸ್ಟಿಸರ್ಕೋಸಿಸ್’ ಅಂತಲೋ ‘ರಿಂಗ್ ಎನ್‌ಹಾನ್ಸಿಂಗ್ ಲೀಷನ್’ ಅಂತಲೋ ಬರೆದಿರ್ತಾರೆ. ಇದು ಹುಟ್ಟಿನಿಂದ ಬಂದಿದ್ದಲ್ಲ. ಲಾಡಿಹುಳುವಿನ ಮರಿ ಮೆದುಳಲ್ಲಿ ಕೂತು ಮಾಡಿಕೊಂಡ ಗೂಡು. ಇದರಿಂದ ಹೆಚ್ಚಾಗಿ ಫಿಟ್ಸ್ ಬರುತ್ತೆ, ತಲೆನೋವೂ ಬರಬಹುದು.

ಇಲ್ಲಿ ಎಲ್ಲ ಮನೆಯಲ್ಲೂ ಕೇಳಿಬರೋ ಮಾತು ಒಂದೇ: ‘ನಮ್ಮ ಮನೇಲಿ ಮೊಟ್ಟೆನೂ ಮುಟ್ಟಲ್ಲ, ಹಂದಿ ಹುಳ ಹೆಂಗೆ ಬತ್ತದೆ?’ ಬರುತ್ತೆ. ಸರಿಯಾಗಿ ಬೇಯದ ಹಂದಿಮಾಂಸ ತಿಂದವರಿಗೆ ಬರೋದು ಹೊಟ್ಟೆಯ ಲಾಡಿಹುಳು. ಆ ಹುಳುವಿನ ಮೊಟ್ಟೆಗಳು ಅವರ ಮಲದಲ್ಲಿ ಹೊರಗೆ ಬರ್ತವೆ. ಕೈ ತೊಳೆಯದೆ ಅಡುಗೆ ಮಾಡಿದಾಗ, ಬಯಲಲ್ಲಿ ಕೂತ ಜಾಗದಿಂದ ನೀರು ಹರಿದು ತರಕಾರಿಗೆ ಸೇರಿದಾಗ, ಆ ಮೊಟ್ಟೆ ಯಾರ ಬಾಯಿಗಾದ್ರೂ ಹೋಗಬಹುದು. ಮೆದುಳಿನ ಗೂಡು ಆಗೋದು ಹೀಗೆ ಮೊಟ್ಟೆ ನುಂಗಿದವರಿಗೆ. ಹಸಿ ಕೊತ್ತಂಬರಿ, ಕ್ಯಾರೆಟ್, ಸೌತೆಕಾಯಿ ತಿನ್ನೋ ಶುದ್ಧ ಸಸ್ಯಾಹಾರಿಗೂ ಬರುತ್ತೆ. ಹಾಗಾಗಿ ಇದರಲ್ಲಿ ಯಾವ ಜಾತಿಯ ಮರ್ಯಾದೆ ಪ್ರಶ್ನೆಯೂ ಇಲ್ಲ. ತರಕಾರಿ ಚೆನ್ನಾಗಿ ತೊಳೀಬೇಕು, ಶೌಚಕ್ಕೆ ಹೋಗಿ ಬಂದಮೇಲೆ ಸೋಪು ಹಾಕಿ ಕೈ ತೊಳೀಬೇಕು, ಅಷ್ಟೇ.

ಇದರಲ್ಲೂ ಹೆದರಿಕೆಗಿಂತ ತಿಳಿವಳಿಕೆ ದೊಡ್ಡದು ಅನ್ನೋದಕ್ಕೆ ಒಂದು ಹಳೆಯ ಕಥೆ ಇದೆ. ಸಿಟಿ ಸ್ಕ್ಯಾನ್ ನಮ್ಮ ದೇಶಕ್ಕೆ ಬಂದ ಹೊಸದರಲ್ಲಿ, ಫಿಟ್ಸ್ ಬಂದವರ ಮೆದುಳಲ್ಲಿ ಒಂದು ಚಿಕ್ಕ ಉಂಗುರದ ಗುರುತು ಕಂಡ್ರೆ ಅದು ಟಿಬಿ ಅಂತ ಎಣಿಸಿ ಟಿಬಿ ಔಷಧಿ ಕೊಡೋದು ಸಾಮಾನ್ಯವಾಗಿತ್ತು. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ಡಾ. ಮ್ಯಾಥ್ಯೂ ಚಾಂಡಿ, ಡಾ. ವೇದಾಂತಂ ರಾಜಶೇಖರ್ ಮತ್ತವರ ಜೊತೆಗಾರರು ಆ ಗುರುತುಗಳನ್ನ ಪರೀಕ್ಷೆ ಮಾಡಿ, ಅವುಗಳಲ್ಲಿ ಬಹುಪಾಲು ಸಾಯ್ತಾ ಇರೋ ಲಾಡಿಹುಳುವಿನ ಮರಿಯ ಗೂಡು ಅಂತ 1989ರಿಂದ ಪ್ರಕಟಿಸುತ್ತಾ ಬಂದರು. ಅಂಥ ಒಂಟಿ ಗುರುತು ಎಷ್ಟೋ ಜನರಲ್ಲಿ ತಿಂಗಳುಗಳಲ್ಲಿ ತಾನೇ ಕರಗಿಹೋಗುತ್ತೆ. ಫಿಟ್ಸ್ ತಡೆಯೋ ಮಾತ್ರೆ ಕೊಟ್ಟು, ಬೇಕಾದವರಿಗೆ ಹುಳುವಿನ ಔಷಧಿ ಕೊಟ್ಟು, ಮತ್ತೆ ಸ್ಕ್ಯಾನ್ ಮಾಡಿ ನೋಡ್ತಾರೆ.

ಒಂದು ಎಚ್ಚರ. ಶಾಲೆಗಳಲ್ಲಿ ಜಂತುಹುಳಕ್ಕೆ ಕೊಡೋ ಆಲ್ಬೆಂಡಜೋಲನ್ನೇ ಇದಕ್ಕೂ ಕೊಡ್ತಾರೆ. ಹಾಗಂತ ರಿಪೋರ್ಟ್ ನೋಡಿ ನಾವೇ ತಂದು ಕೊಡಬಾರದು. ಮೆದುಳಲ್ಲಿ ಮರಿ ಸಾಯುವಾಗ ಸುತ್ತ ಊತ ಬರುತ್ತೆ, ಫಿಟ್ಸ್ ಬರಬಹುದು. ಯಾರಿಗೆ, ಎಷ್ಟು ದಿನ, ಜೊತೆಗೆ ಊತ ಇಳಿಸೋ ಸ್ಟಿರಾಯ್ಡ್ ಬೇಕಾ ಅನ್ನೋದನ್ನ ವೈದ್ಯರೇ ಹೇಳಬೇಕು.

ಯಳಂದೂರು ಅಂತ ಲ್ಯಾನ್ಸೆಟ್‌ನಲ್ಲಿ

ತಲೆಯ ಕಾಯಿಲೆಗೆ ಸ್ಕ್ಯಾನೇ ಮೊದಲು ಅನ್ನೋ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದನ್ನ ಸ್ವಲ್ಪ ಸಡಿಲ ಮಾಡೋ ಕೆಲಸ ನಮ್ಮ ಜಿಲ್ಲೆಯಲ್ಲೇ ನಡೆದಿದೆ, ನಮ್ಮ ವಯಸ್ಸಿನವರಿಗೆ ಹೆಚ್ಚು ಗೊತ್ತಿಲ್ಲ.

ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತವರ ತಂಡ 1990ರ ದಶಕದಲ್ಲಿ ಯಳಂದೂರು ಕಡೆಯ ಹಳ್ಳಿಗಳಲ್ಲಿ ಸುಮಾರು 65 ಸಾವಿರ ಜನಸಂಖ್ಯೆಯಲ್ಲಿ ಮನೆಮನೆಗೆ ವಿಚಾರಿಸಿ ಮೂರ್ಛೆರೋಗ ಇರೋರನ್ನ ಗುರುತಿಸಿದರು. ಆಮೇಲೆ ಫಿನೋಬಾರ್ಬಿಟಾಲ್, ಫೆನಿಟಾಯಿನ್ ಅನ್ನೋ ಹಳೆಯ, ಅಗ್ಗದ ಮಾತ್ರೆಗಳನ್ನ ಕ್ರಮವಾಗಿ ಕೊಟ್ಟು ವರ್ಷಗಟ್ಟಲೆ ನೋಡಿಕೊಂಡರು. ಹಳ್ಳಿಯಲ್ಲೇ ಇದ್ದುಕೊಂಡು, ಕಡಿಮೆ ಖರ್ಚಲ್ಲಿ ಬಹಳಷ್ಟು ಜನರ ಫಿಟ್ಸ್ ಹತೋಟಿಗೆ ತರಬಹುದು ಅಂತ ತೋರಿಸಿದರು. 2001ರಲ್ಲಿ ಅದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು, ಹೆಸರೇ ‘ಯಳಂದೂರು ಸ್ಟಡಿ’. ಪ್ರಪಂಚದ ನರರೋಗ ವೈದ್ಯರಿಗೆ ನಮ್ಮ ಚಿಕ್ಕ ತಾಲ್ಲೂಕಿನ ಹೆಸರು ಗೊತ್ತಿರೋದು ಹೀಗೆ.

ಅಲ್ಲಿ ಕೇಳಿ ತಿಳಿದುಕೊಂಡಿದ್ದರಲ್ಲಿ ಒಂದು, ತಲೆಗೆ ಬಿಸಿನೀರು ಹುಯ್ದುಕೊಳ್ಳುವಾಗ ಬರೋ ಫಿಟ್ಸ್. ಹಳೇ ಮೈಸೂರು ಸೀಮೆಯಲ್ಲಿ ಇದು ಬೇರೆ ಕಡೆಗಿಂತ ಹೆಚ್ಚು. ಇಂಥವರಿಗೆ ಸ್ಕ್ಯಾನ್ ಮಾಡಿಸಿದ್ರೆ ಸಾಮಾನ್ಯವಾಗಿ ನಾರ್ಮಲ್ ಬರುತ್ತೆ. ‘ಯಾವಾಗ ಬರುತ್ತೆ?’ ಅಂತ ಕೇಳಿದ್ರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತೆ. ಯಂತ್ರ ಕಾಣದ್ದು ಪ್ರಶ್ನೆಗೆ ಸಿಗುತ್ತೆ. ತಲೆನೋವಿನ ವಿಷಯದಲ್ಲೂ ಅಷ್ಟೇ. ಅಮೆರಿಕದ ನರರೋಗ ತಜ್ಞರ ಅಕಾಡೆಮಿ 2002ರಲ್ಲೇ ಹೇಳಿದೆ: ಮಕ್ಕಳಿಗೆ ಮತ್ತೆ ಮತ್ತೆ ತಲೆನೋವು ಬರ್ತಿದ್ದು, ಡಾಕ್ಟರ್ ಪರೀಕ್ಷೆಯಲ್ಲಿ ಎಲ್ಲ ಸರಿ ಇದ್ರೆ, ಎಲ್ಲರಿಗೂ ಸ್ಕ್ಯಾನ್ ಮಾಡಿಸಬೇಕಾಗಿಲ್ಲ.

ಮದುವೆ ಮಾತು ಬಂದಿತ್ತಲ್ಲ, ಅದಕ್ಕೂ ಒಂದು ಮಾತು. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿ ಅನ್ನೋ ಕಾರಣಗಳ ಸಾಲಲ್ಲಿ ಮೂರ್ಛೆರೋಗವೂ ಇತ್ತು. 1999ರಲ್ಲಿ ತಿದ್ದುಪಡಿ ಮಾಡಿ ಅದನ್ನ ತೆಗೆದುಹಾಕಿದ್ರು. ಫಿಟ್ಸನ್ನೇ ಕಾನೂನು ಮದುವೆಗೆ ಅಡ್ಡಿ ಅಲ್ಲ ಅಂತ ಒಪ್ಪಿ ಇಷ್ಟು ವರ್ಷ ಆಗಿರುವಾಗ, ಏನೂ ತೊಂದರೆ ಕೊಡದ ನೀರಿನ ಚೀಲ ಒಂದನ್ನ ಹಿಡಿದು ಹದಿನಾರು ವರ್ಷದ ಹುಡುಗಿಯ ಮದುವೆ ಲೆಕ್ಕ ಹಾಕೋದು ಎಷ್ಟು ಸರಿ?

ತಡ ಮಾಡಬಾರದ ತಲೆನೋವು

ಹೆದರಬೇಕಾದ್ದಕ್ಕೆ ಹೆದರಲೇಬೇಕು. ಈ ಕೆಳಗಿನವು ಇದ್ರೆ ರಿಪೋರ್ಟ್ ಫೋಟೋ ಕಳಿಸಿ ಉತ್ತರಕ್ಕೆ ಕಾಯಬೇಡಿ ಅಂತ ಮನೆಯವರಿಗೆ ಹೇಳಿ.

ಯಾವತ್ತೂ ಇಲ್ಲದಂಥ ನೋವು ಸಿಡಿಲು ಹೊಡೆದ ಹಾಗೆ ಒಮ್ಮೆಗೇ ಬಂದ್ರೆ. ನಿದ್ದೆಯಿಂದ ಎಬ್ಬಿಸೋ ನೋವು, ಬೆಳಗಿನ ಜಾವದ ವಾಂತಿ ಇದ್ರೆ. ವಾರದಿಂದ ವಾರಕ್ಕೆ ಏರ್ತಾ ಹೋಗ್ತಿದ್ರೆ. ಒಂದು ಎರಡಾಗಿ ಕಂಡ್ರೆ, ಕಣ್ಣು ಮಂಜಾದ್ರೆ. ನಡೆಯುವಾಗ ತೂರಾಡಿದ್ರೆ, ಒಂದು ಕಡೆ ಕೈಕಾಲು ಸೋತ್ರೆ, ಮಾತು ತೊದಲಿದ್ರೆ. ಫಿಟ್ಸ್ ಬಂದ್ರೆ. ಜ್ವರದ ಜೊತೆ ಕತ್ತು ಬಿಗಿದ್ರೆ. ತಲೆಗೆ ಪೆಟ್ಟು ಬಿದ್ದ ಮೇಲೆ ನೋವು ಶುರುವಾದ್ರೆ. ಮಗುವಿನ ನಡತೆ, ಓದು ಇದ್ದಕ್ಕಿದ್ದ ಹಾಗೆ ಬದಲಾದ್ರೆ.

ಇವುಗಳಲ್ಲಿ ಸಿಡಿಲಿನಂಥ ನೋವು, ಫಿಟ್ಸ್, ಕೈಕಾಲು ಸೋಲೋದು, ಜ್ವರದ ಜೊತೆ ಕತ್ತು ಬಿಗಿಯೋದು, ತಲೆಗೆ ಪೆಟ್ಟು ಬಿದ್ದದ್ದು ಇದ್ರೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ. ಉಳಿದವುಗಳಿಗೂ ಅದೇ ವಾರ ಡಾಕ್ಟರನ್ನ ನೋಡಬೇಕು, ಸ್ಕ್ಯಾನ್ ಬೇಕಾಗೋದೂ ಇಂಥವರಿಗೇ. ಅರಕ್ನಾಯ್ಡ್ ಸಿಸ್ಟ್ ಕೂಡ ಕೆಲವರಲ್ಲಿ ದೊಡ್ಡದಾಗಿ ಮೆದುಳನ್ನ ಒತ್ತುತ್ತೆ, ಅಪರೂಪಕ್ಕೆ ಜೋರು ಪೆಟ್ಟು ಬಿದ್ದಾಗ ಅದರೊಳಗೆ ರಕ್ತ ಸೋರುತ್ತೆ. ಅಂಥವರಿಗೆ ಚೀಲಕ್ಕೆ ಚಿಕ್ಕ ಕಿಟಕಿ ತೆಗೆದು ನೀರು ಹರಿದುಹೋಗೋ ಹಾಗೆ ಮಾಡೋ ಆಪರೇಷನ್ ಇದೆ. ಬೇಕಾಗೋದು ಕೆಲವರಿಗೆ ಮಾತ್ರ. ಕಬಡ್ಡಿ ಆಡಬಹುದಾ, ಗಾಡಿ ಓಡಿಸಬಹುದಾ ಅನ್ನೋದನ್ನ ಡಾಕ್ಟರನ್ನೇ ಕೇಳಿ. ಹೆಲ್ಮೆಟ್ ಅಂತೂ ಸಿಸ್ಟ್ ಇರಲಿ ಬಿಡಲಿ ಬೇಕೇ ಬೇಕು.

ನಾವು ಮಾಡಬಹುದಾದ್ದು

ಮೈಸೂರು, ಬೆಂಗಳೂರಿಗೆ ಓಡೋ ಮೊದಲು ಚಾಮರಾಜನಗರದ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಶುರುಮಾಡಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್‌ನಲ್ಲಿ ತಲೆನೋವು, ಮೂರ್ಛೆರೋಗ, ಸ್ಟ್ರೋಕ್, ಮರೆವಿನ ಕಾಯಿಲೆ ನೋಡೋಕೆ ಸರ್ಕಾರಿ ವೈದ್ಯರಿಗೆ ತರಬೇತಿ ಕೊಡ್ತಾರೆ. ಹತ್ತಿರದಲ್ಲೇ ವಿಚಾರಿಸಿ.

ಡಾಕ್ಟರ ಹತ್ತಿರ ಕೇಳೋಕೆ ನಾಲ್ಕು ಪ್ರಶ್ನೆ ಚೀಟಿಯಲ್ಲಿ ಬರೆದುಕೊಟ್ಟು ಕಳಿಸಿ. ಇದು ಯಾವ ಥರದ ಸಿಸ್ಟ್? ನೋವಿಗೂ ಇದಕ್ಕೂ ಸಂಬಂಧ ಇದೆಯಾ? ಮತ್ತೆ ಸ್ಕ್ಯಾನ್ ಬೇಕಾ, ಬೇಕಾದ್ರೆ ಯಾವಾಗ? ಏನಾದ್ರೆ ತಕ್ಷಣ ಬರಬೇಕು? ಹಳೆಯ ಫಿಲಂ, ಸಿಡಿ ಯಾವತ್ತೂ ಬಿಸಾಕಬೇಡಿ. ಚೀಲ ಬೆಳೆದಿದೆಯಾ ಅಂತ ಗೊತ್ತಾಗೋದು ಹಳೆಯದನ್ನ ಪಕ್ಕಕ್ಕಿಟ್ಟು ನೋಡಿದಾಗ.

ಇನ್ನೊಂದು, ದುಡ್ಡಿಲ್ಲದ ಕೆಲಸ. ಎಲ್ಲರ ಮನೆ ಗೋಡೆ ಮೇಲೂ ಒಂಟಿಕೊಪ್ಪಲ್ ಕ್ಯಾಲೆಂಡರೋ ಇನ್ಯಾವುದೋ ಇರುತ್ತೆ. ತಲೆನೋವು ಬಂದ ದಿನಕ್ಕೆ ಒಂದು ಸುತ್ತು, ಮಾತ್ರೆ ನುಂಗಿದ್ರೆ ಸುತ್ತಿನೊಳಗೆ ಒಂದು ಚುಕ್ಕಿ, ತಿಂಡಿ ತಿನ್ನದ ದಿನಕ್ಕೆ ಒಂದು ಗೀಟು. ಮಗುವೇ ಹಾಕಲಿ. ಎರಡು ತಿಂಗಳ ಹಾಳೆ ತೆಗೆದುಕೊಂಡು ಹೋದ್ರೆ ಡಾಕ್ಟರಿಗೆ ಅರ್ಧ ಕೆಲಸ ಆದ ಹಾಗೆ.

ಮತ್ತೆ ನಮ್ಮ ಪಾಲಿನದ್ದು. ಊರಿಂದ ಇಂಥ ಫೋನ್ ಬಂದ್ರೆ ಗೂಗಲ್ ಮಾಡೋ ಮೊದಲು ಎರಡು ಕೆಲಸ ಮಾಡಿ. ‘ಗಡ್ಡೆ’ ಅನ್ನೋ ಪದ ಬಳಸಬೇಡಿ, ಡಾಕ್ಟರ್ ಹೇಳೋ ತನಕ ಅದು ‘ನೀರಿನ ಚೀಲ’ ಅಷ್ಟೇ. ಆಮೇಲೆ ಫೋನನ್ನ ಯಾರಿಗೆ ನೋವಿದೆಯೋ ಆ ಮಗುವಿಗೆ ಕೊಡೋಕೆ ಹೇಳಿ, ನೋವು ಹೇಗೆ ಬರುತ್ತೆ ಅಂತ ಕೇಳಿ. ಅವರು ಹೇಳಿ ಮುಗಿಸೋ ತನಕ ನಡುವೆ ಮಾತಾಡಬೇಡಿ.

ನಿಮ್ಮ ಮನೆಯಲ್ಲೂ ಹೀಗೆ ಒಂದು ರಿಪೋರ್ಟಿನ ಪದ ದಿಗಿಲು ಹುಟ್ಟಿಸಿದ್ದರೆ, ಅದು ಯಾವ ಪದ ಅಂತ ಬರೆದು ಕಳಿಸಿ. ಮುಂದಿನ ಕಂತುಗಳಲ್ಲಿ ಒಂದೊಂದಾಗಿ ನೋಡೋಣ.